ಹಳೆಯ ಗುಣಾಂಕ

ವಾಷಿಂಗ್ ಮೆಷಿನ್ ಹಿಂಡುವ ಹಂತಕ್ಕೆ ಬಂದು ಗೋಡೆ ಬಿಟ್ಟು ಹೊರಟಾಗ ಅವನು ಓಡಿಬಂದು ಎರಡೂ ಕೈಯಿಂದ ಅದನ್ನು ಅವುಚಿ ಹಿಡಿದ. ಒಂದು ಕಾಲು ಸವೆದು ಕುಂಟಾದ ಯಂತ್ರ. ನಿಧಾನಕ್ಕೆ ತಿರುಗುವಾಗ ಸಾಧು, ಪೂರ್ತಿ ವೇಗಕ್ಕೆ ಏರಿದ ಮೇಲೂ ಸಾಧು. ನಡುವೆ ಒಂದು ವೇಗವಿತ್ತು. ಅದನ್ನು ದಾಟುವಷ್ಟು ಹೊತ್ತು ಮಾತ್ರ ಮೈಮೇಲೆ ಬಂದವರ ಹಾಗೆ ಕುಣಿಯುತ್ತಿತ್ತು. ಆಗ ಯಾರಾದರೂ ಹಿಡಿದುಕೊಂಡರೆ ಸಾಕು. ರಿಪೇರಿಯವನಿಗೆ ಹೇಳಬೇಕು, ಹೇಳಬೇಕು ಎನ್ನುತ್ತಲೇ ಮನೆಯ ಮೂವರೂ ಹಿಡಿದುಕೊಳ್ಳುವುದನ್ನೇ ರೂಢಿ ಮಾಡಿಕೊಂಡಿದ್ದರು.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ ಯಂತ್ರವನ್ನು ನೋಡುತ್ತಿರಲಿಲ್ಲ. ಅವನು ಗುನುಗುತ್ತಿದ್ದ. ಕೆನ್ನೆಯನ್ನು ಮುಚ್ಚಳಕ್ಕೆ ಒತ್ತಿಕೊಂಡು, ಯಂತ್ರದ ನಡುಕಕ್ಕೆ ತನ್ನ ದನಿಯನ್ನೂ ನಡುಗಲು ಬಿಟ್ಟು, ಯಾವುದೋ ಹಳೆಯ ರಾಗ.

“ಅಮ್ಮಾ, ಅಪ್ಪ ಹಾಡ್ತಿದ್ದಾರೆ,” ಮಗಳು ತಟ್ಟೆ ಒರೆಸುತ್ತಾ ಹೇಳಿದಳು. “ಆಚೆ ಒಣಗಹಾಕಿರೋದನ್ನೆಲ್ಲ ಒಳಗೆ ತಂದ್ಬಿಡು. ಮಳೆ ಬರುತ್ತೆ.”

ತಾಯಿ ನಕ್ಕಳು. ಈ ಮನುಷ್ಯ ಹಾಡುವುದು ಲೆಕ್ಕ ಕೂಡಿಬಂದಾಗ ಮಾತ್ರ. ಹಾಗಾದರೆ ಅದು ಸಿಕ್ಕಿದೆ. ಅವಳು ಇಟ್ಟದ್ದು, ಎಲ್ಲರನ್ನೂ ಬಿಟ್ಟು ಇವನಿಗೇ ಸಿಕ್ಕಿದೆ.

ಇಬ್ಬರೂ ಒಂದೇ ಕಡೆ ಕೆಲಸ ಮಾಡುತ್ತಿದ್ದರು. ಊರ ಹೊರಗಿನ ಬಯಲಿನಲ್ಲಿ ಎರಡು ಉದ್ದನೆಯ ಕೊಳವೆಗಳು ಮೂಲೆಮಟ್ಟವಾಗಿ ಕೂಡುವ ಜಾಗದಲ್ಲಿ ಒಂದು ಕಟ್ಟಡ. ಗಾಳಿ ತೆಗೆದ ಆ ಕೊಳವೆಗಳಲ್ಲಿ ಲೇಸರ್ ಬೆಳಕು ತುದಿಯ ಕನ್ನಡಿಗಳವರೆಗೆ ಹೋಗಿ ಮರಳುತ್ತಿತ್ತು. ಬಹು ದೂರದಲ್ಲಿ ಭಾರಿ ತೂಕದ ನಕ್ಷತ್ರವೊಂದು ಅಲುಗಿದರೆ ಗುರುತ್ವದ ಅಲೆಗಳು ಹೊರಡುತ್ತವೆ; ಅವು ಇಲ್ಲಿಗೆ ಮುಟ್ಟುವ ಹೊತ್ತಿಗೆ ಎಷ್ಟು ಸೊರಗಿರುತ್ತವೆಂದರೆ ಕನ್ನಡಿಗಳು ಒಂದು ಪರಮಾಣುವಿನ ತಿರುಳಿನಷ್ಟೂ ಸರಿಯುವುದಿಲ್ಲ. ಆ ಕನ್ನಡಿಗಳನ್ನು ತೂಗುಹಾಕಿ, ಬೇರಾವ ಕಾರಣಕ್ಕೂ ಅಲುಗದಂತೆ ಕಾಯುವುದು ಅವಳ ಕೆಲಸ. ಅಲುಗಿದ ಗುರುತಿನೊಳಗೆ ನಕ್ಷತ್ರವನ್ನು ಹುಡುಕುವುದು ಅವನ ಕೆಲಸ. ತೊಟ್ಟಿಲು ತಾನಾಗಿ ತೂಗದ ಹಾಗೆ ನೀನು ನೋಡಿಕೋ, ಯಾರು ತೂಗಿದರು ಅನ್ನುವುದನ್ನು ನಾನು ಹೇಳುತ್ತೇನೆ ಎಂದು ಅವನು ಹಿಂದೆ ತಮಾಷೆ ಮಾಡುತ್ತಿದ್ದ.

ಇಷ್ಟು ಸೂಕ್ಷ್ಮವಾದದ್ದನ್ನು ಹುಡುಕುವವರಿಗೆ ಒಂದು ಅಪಾಯವಿತ್ತು. ಬೇಕು ಬೇಕು ಎಂದು ನೋಡುತ್ತಿದ್ದರೆ ಇಲ್ಲದ್ದೂ ಕಾಣುತ್ತದೆ. ಅದಕ್ಕೇ ಅಲ್ಲೊಂದು ಪದ್ಧತಿ ಮಾಡಿಕೊಂಡಿದ್ದರು. ಒಬ್ಬರು ಯಾರಿಗೂ ಹೇಳದೆ, ದೂರದ ನಕ್ಷತ್ರವೊಂದು ಅಲುಗಿಸಿದರೆ ಹೇಗೋ ಹಾಗೆ ಕನ್ನಡಿಯನ್ನು ಅಲುಗಿಸುತ್ತಾರೆ. ಕೆಲವು ವರ್ಷ ಅಲುಗಿಸುವುದೂ ಇಲ್ಲ. ಉಳಿದವರು ಹುಡುಕಬೇಕು. ಸಿಕ್ಕಿದರೆ ಅದು ನಿಜವೆಂದೇ ತಿಳಿದು ಒಂದಕ್ಷರ ಬಿಡದೆ ಪ್ರಬಂಧ ಬರೆದು ಮುಗಿಸಬೇಕು. ಆಮೇಲೆ ಗೊತ್ತುಮಾಡಿದ ದಿನ ಎಲ್ಲರ ಮುಂದೆ ಆ ಒಬ್ಬರು ಎದ್ದುನಿಂತು, ನನ್ನದು ಅಥವಾ ನನ್ನದಲ್ಲ ಎಂದು ಬಾಯಿಬಿಟ್ಟು ಹೇಳಬೇಕು. ಪೆಟ್ಟಿಗೆ ತೆಗೆಯುವುದು ಎನ್ನುತ್ತಿದ್ದರು ಅದಕ್ಕೆ. ಹುಸಿ ಹಾಕುವ ಆ ಕೆಲಸವನ್ನು ಮುಖ್ಯಸ್ಥೆ ಅವಳಿಗೆ ಒಪ್ಪಿಸಿದ್ದರು. “ನಿಮ್ಮ ಹೊಟ್ಟೇಲಿ ಬಿದ್ದದ್ದು ಆಚೆ ಬರಲ್ಲ,” ಎಂದಿದ್ದರು.

ಕೆಲಸ ಅವಳದೆಂದು ಎಲ್ಲರಿಗೂ ಗೊತ್ತಿತ್ತು. ಅದರಿಂದ ಇನ್ನೊಂದು ರೂಢಿ ತಾನಾಗಿ ಬೆಳೆದಿತ್ತು. ಕ್ಯಾಂಟೀನಿನಲ್ಲಿ ಸಿಕ್ಕ ಸಿಗದ ಅಲೆಗಳ ಮಾತು ಬಂದರೆ ಯಾರೂ ಅವಳ ಮುಖ ನೋಡುತ್ತಿರಲಿಲ್ಲ. ಹುಬ್ಬು ಹಾರಿದರೂ ಅದು ಸುಳಿವೇ. ಟೀ ಲೋಟ ನೋಡುತ್ತಿದ್ದರು, ಕಿಟಕಿ ನೋಡುತ್ತಿದ್ದರು. ಮೊದಮೊದಲು ಅವಳಿಗೆ ನಗು ಬರುತ್ತಿತ್ತು. ಮನೆಯಲ್ಲಿ ನಿಯಮ ಇನ್ನೂ ಸರಳ: ಚಪ್ಪಲಿಯ ಜೊತೆ ಕೆಲಸವನ್ನೂ ಬಾಗಿಲಾಚೆ ಬಿಟ್ಟು ಬರಬೇಕು.

ಯಾವ ನಕ್ಷತ್ರದ ಹೆಸರಿನಲ್ಲಿ ಹುಸಿ ಹಾಕಬೇಕೆಂಬುದನ್ನು ಚೀಟಿ ಎತ್ತಿ ನಿರ್ಧರಿಸಿದ್ದಳು. ಎಂಥ ಅಲೆ ಎಂಬುದು ಅವಳ ಆಯ್ಕೆ. ಪುಸ್ತಕ ತೆರೆಯದೆ ಬರೆಯಬಲ್ಲ ಅಲೆ ಅವಳಿಗೆ ಒಂದೇ ಇತ್ತು. ಮದುವೆಯಾದ ಹೊಸದರಲ್ಲಿ ಅವನ ಸಂಶೋಧನೆಯ ಮೌಖಿಕ ಪರೀಕ್ಷೆ ಬಂದಿತ್ತು. ಒಂಟಿ ಕೋಣೆಯ ಮನೆ. ಊಟದ ಮೇಜಿನ ಆಚೆ ಅವನು, ಈಚೆ ಪರೀಕ್ಷಕಳಾಗಿ ಅವಳು. ಅವನು ಹೇಳಿದ್ದನ್ನೇ ಹೇಳಿ ಹೇಳಿ ಅವಳಿಗೇ ಬಾಯಿಪಾಠವಾಯಿತು.

ಸತ್ತ ನಕ್ಷತ್ರದ ತಿರುಳು ಕುಸಿದು, ಒಂದು ಊರಿನಷ್ಟು ಜಾಗದಲ್ಲಿ ಸೂರ್ಯನಿಗಿಂತ ಹೆಚ್ಚು ತೂಕ ಅಡಗಿ, ಬುಗುರಿಗಿಂತ ಜೋರಾಗಿ ತಿರುಗುವ ನ್ಯೂಟ್ರಾನ್ ನಕ್ಷತ್ರ. ಅದರ ಮೈಯಲ್ಲಿ, ತಿರುಗುವ ದಿಕ್ಕಿಗೆ ಎದುರಾಗಿ ಒಂದು ಅಲೆ ಓಡುತ್ತದೆ. ರೈಲಿನೊಳಗೆ ಹಿಂದಕ್ಕೆ ನಡೆಯುವವನ ಹಾಗೆ ಎಂದು ಅವನು ಮೇಜಿನ ಮೇಲೆ ಬೆರಳು ನಡೆಸಿ ತೋರಿಸುತ್ತಿದ್ದ: ಅವನ ಪಾಲಿಗೆ ಅವನು ಹಿಂದೆ ಹೋಗುತ್ತಿದ್ದಾನೆ, ಪ್ಲಾಟ್‌ಫಾರಂ ಮೇಲೆ ನಿಂತವರಿಗೆ ಮುಂದೆ ಹೋಗುತ್ತಿರುವಂತೆ ಕಾಣುತ್ತಾನೆ. ಆ ಅಲೆಯಿಂದ ಗುರುತ್ವದ ಅಲೆಗಳು ಹೊರಟು ನಕ್ಷತ್ರದ ತಿರುಗುವಿಕೆಯನ್ನು ಒಂದಿಷ್ಟು ಕೊಂಡೊಯ್ಯುತ್ತವೆ. ಬೇರೆ ಯಾವ ಅಲೆಯಾದರೂ ಕೊಟ್ಟು ಕೊಟ್ಟು ಬಡವಾಗಿ ಅಡಗಬೇಕು. ಇದು ಎದುರು ಓಡುವ ಅಲೆ, ಮುಂದಕ್ಕೆ ಒಯ್ಯುವುದನ್ನು ಕಳೆದುಕೊಂಡಷ್ಟೂ ಹಿಂದಕ್ಕೆ ಓಡುವುದು ಹೆಚ್ಚಾಗುತ್ತದೆ. ಕೊಟ್ಟಷ್ಟೂ ಬೆಳೆಯುತ್ತದೆ. ಒಳಗಿನ ದ್ರವದ ಅಂಟುತನ ಅದನ್ನು ಹಿಡಿದು ನಿಲ್ಲಿಸದಿದ್ದರೆ ನಕ್ಷತ್ರದ ವೇಗವನ್ನೇ ತಿಂದುಹಾಕುತ್ತದೆ. ‘ವಿದ್ಯೆ ಇದ್ದ ಹಾಗೆ, ಅಲ್ವಾ’ ಎಂದು ಅವಳು ಅಂದಿದ್ದಕ್ಕೆ, ಪರೀಕ್ಷಕರು ಹೀಗೆ ಸುಲಭದ ಪ್ರಶ್ನೆ ಕೇಳುವುದಿಲ್ಲ ಎಂದು ಅವನು ನಕ್ಕಿದ್ದ.

ಆ ಅಲೆಯನ್ನು ಆಕಾಶದಲ್ಲಿ ಯಾರೂ ಇನ್ನೂ ಕಂಡಿರಲಿಲ್ಲ. ಅವನು ಹರೆಯವನ್ನೆಲ್ಲ ಅದರ ಲೆಕ್ಕಕ್ಕೆ ಸುರಿದು, ಆಮೇಲೆ ಬೇಸತ್ತು, ಸಿಡಿಯುವ ನಕ್ಷತ್ರಗಳನ್ನು ಹುಡುಕುವ ಗುಂಪಿಗೆ ಹೋಗಿಬಿಟ್ಟಿದ್ದ. ಇನ್ನು ಅವನ ಕೈಗೆ ಬರಲಾರದೆಂಬ ಧೈರ್ಯದ ಮೇಲೇ ಅವಳು ಅದನ್ನು ಆರಿಸಿದ್ದು. ಹುಸಿ ಹಾಕಿ ಆ ವರ್ಷದ ಹುಡುಕಾಟ ಅರ್ಧ ಕಳೆದ ಮೇಲೆ, ಆ ನಕ್ಷತ್ರವನ್ನು ನೋಡುತ್ತಿದ್ದ ಹುಡುಗಿ ಬೇರೆ ಕೆಲಸ ಸಿಕ್ಕಿ ಹೊರಟುಹೋದಳು. ಅವಳ ಪಾಲು ಇವನ ಮೇಜಿಗೆ ಬಂತು.

*

ಗುನುಗಿದ ಆ ಭಾನುವಾರದ ನಂತರ ಅವನು ಊಟದ ಮೇಜಿನಲ್ಲಿ ಅವಳ ಮುಖ ನೋಡುವುದನ್ನು ಬಿಟ್ಟ. ತಟ್ಟೆ ನೋಡುತ್ತಿದ್ದ, ನೀರಿನ ಜಗ್ಗು ನೋಡುತ್ತಿದ್ದ. ಅವಳಿಗೆ ಅರ್ಥವಾಗುತ್ತಿತ್ತು. ಅದು ಮುನಿಸಲ್ಲ, ಮರ್ಯಾದೆ. ಕಣ್ಣು ಕೂಡಿದರೆ ಎಲ್ಲಿ ಕೇಳಿಬಿಡುತ್ತೇನೋ ಎಂಬ ಭಯ.

ಮಗಳು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ಅವಳು ಇದನ್ನು ಬಿಡುವುದುಂಟೇ. “ದಿನವಿಡೀ ಜನರಿಗೆ ಅಕ್ಷರ ಕಾಣುತ್ತಾ ಅಂತ ಕೇಳ್ತೀನಿ,” ಎಂದಳು ಒಂದು ಸಂಜೆ. “ನಿಮಗಿಬ್ಬರಿಗೆ ಎದುರಿಗಿರೋ ಮುಖ ಕಾಣುತ್ತಾ ಅಂತ ಕೇಳ್ಬೇಕು. ಜಗಳ ಆಡಿದ್ರೆ ಜೋರಾಗಿ ಆಡಿ, ನಂಗೂ ಹೊತ್ತು ಹೋಗುತ್ತೆ.”

“ಜಗಳ ಏನಿಲ್ಲಮ್ಮ,” ಎಂದ ಅವನು, ಉಪ್ಪಿನ ಬಟ್ಟಲಿಗೆ.

ಹೀಗೇ ಪೆಟ್ಟಿಗೆ ತೆಗೆಯುವವರೆಗೆ ನಡೆದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಆದರೆ ಆ ವರ್ಷ ಅವನ ನೌಕರಿ ಮುಗಿಯುವುದಿತ್ತು. ಬೇರೊಂದು ಊರಿನ ಕಾಲೇಜಿನವರು ಪಾಠ ಹೇಳಲು ಕರೆದಿದ್ದರು. ಕರೆ ಬಂದಾಗ ಅವನು ಎಷ್ಟು ಹಿಗ್ಗಿದ್ದ. ಅಲ್ಲಿನ ಹಳೆಯ ಪ್ರಯೋಗಾಲಯ, ಎತ್ತರದ ಕಿಟಕಿಗಳು, ಎರಡು ವರ್ಷ ಬಿಟ್ಟು ಅವಳೂ ಬಂದು ಸೇರುವುದು, ಎಲ್ಲ ಮಾತಾಡಿಕೊಂಡಾಗಿತ್ತು. ಒಪ್ಪಿಗೆಯೋ ಇಲ್ಲವೋ ಎಂದು ತಿಂಗಳ ಕೊನೆಯೊಳಗೆ ತಿಳಿಸಬೇಕಿತ್ತು. ಪೆಟ್ಟಿಗೆ ತೆಗೆಯುವ ದಿನ ಅದರಾಚೆಗೆ ಬೀಳುತ್ತಿತ್ತು.

“ಕಾಲೇಜಿನವರಿಗೆ ಬರಲ್ಲ ಅಂತ ಹೇಳ್ಬಿಡ್ತೀನಿ,” ಎಂದ ಒಂದು ಬೆಳಿಗ್ಗೆ, ಬೂಟಿನ ದಾರ ಕಟ್ಟುತ್ತಾ.

ಅವಳ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. “ಯಾಕ್ರೀ?”

“ಇಲ್ಲೇ ಸ್ವಲ್ಪ ಕೆಲಸ ಇದೆ ಅನ್ಸುತ್ತೆ. ಸಂಬಳ ಇಲ್ಲದಿದ್ರೂ ಒಂದು ಮೇಜು ಕೊಡ್ತಾರಂತೆ. ಕೇಳಿದ್ದೀನಿ.” ದಾರ ಕಟ್ಟಿ ಮುಗಿದಿದ್ದರೂ ತಲೆ ಎತ್ತಲಿಲ್ಲ. “ಇಷ್ಟು ವರ್ಷ ಕಾದಿದ್ದೀನಲ್ಲ. ಈಗ ಬಿಟ್ಟು ಹೋದ್ರೆ ಬೇರೆಯವರು ಅದರ ಹಿಂದೆ ಹೋಗ್ತಾರೆ.”

‘ಅದು’ ಯಾವುದೆಂದು ಅವನು ಹೇಳಲಿಲ್ಲ, ಅವಳು ಕೇಳಲಿಲ್ಲ. ಯೋಚಿಸಿ ಮಾಡಿ ಎಂದಷ್ಟೇ ಅಂದಳು. ಬಾಗಿಲು ಹಾಕಿಕೊಂಡು ಅವನು ಹೋದ ಮೇಲೆ ಲೋಟವನ್ನು ಮೇಜಿನ ಮೇಲಿಟ್ಟು ಕುಳಿತಳು. ನುಂಗಲಾರದ ಉಗುಳಲಾರದ ಬಿಸಿತುಪ್ಪ ಎಂದು ಜನ ಆಡಿಕೊಳ್ಳುವುದನ್ನು ಕೇಳಿದ್ದಳು, ಬಾಯಲ್ಲಿ ಇಟ್ಟುಕೊಂಡದ್ದು ಈಗ. ಹೇಳಿದರೆ ಪ್ರಯೋಗ ಕೆಟ್ಟಿತು, ಅಷ್ಟು ಜನರ ವರ್ಷದ ದುಡಿಮೆ ಕೆಟ್ಟಿತು, ಅವಳ ಮಾತಿಗೆ ಇನ್ನು ಮುಂದೆ ಬೆಲೆಯಿಲ್ಲ. ಹೇಳದಿದ್ದರೆ ಇವನು ಇಲ್ಲದ ನಕ್ಷತ್ರವನ್ನು ನಂಬಿ, ಇರುವ ಕಾಲೇಜನ್ನು ಬಿಡುತ್ತಾನೆ. ಆಮೇಲೆ ಎಲ್ಲರೆದುರು ಅವಳು ಎದ್ದುನಿಂತು ಇದು ನನ್ನದು ಅನ್ನಬೇಕು.

ಅವತ್ತು ಅವಳು ಮುಖ್ಯಸ್ಥೆಯ ಕೋಣೆಯವರೆಗೆ ಹೋದಳು. ಪೆಟ್ಟಿಗೆ ತೆಗೆಯುವ ದಿನವನ್ನು ಸ್ವಲ್ಪ ಮುಂಚೆಯೇ ಇಟ್ಟುಕೊಳ್ಳಲು ಆಗುತ್ತದೆಯೇ ಎಂದು ಕೇಳುವುದು, ಅಷ್ಟೇ. ಕಾರಣ ಹೇಳುವುದಿಲ್ಲ. ಬಾಗಿಲ ಹಿಡಿಯ ಮೇಲೆ ಕೈಯಿಟ್ಟಾಗ ಹೊಳೆಯಿತು. ಇಲ್ಲಿ ಪ್ರಶ್ನೆ ಕೇಳುವುದೂ ಉತ್ತರವೇ. ಹುಸಿ ಹಾಕಿಲ್ಲದವಳಿಗೆ ಅವಸರವೇಕೆ?

ಮುಖ್ಯಸ್ಥೆ ಆಗಲೇ ನೋಡಿದ್ದರು. “ಏನಮ್ಮಾ, ಬನ್ನಿ.”

ಎರಡನೆಯ ಕನ್ನಡಿಯ ತೂಗುತಂತಿಯಲ್ಲಿ ಸಣ್ಣ ಕಿರುಗುಟ್ಟುವಿಕೆ ಇದೆ, ಮುಂದಿನ ವಾರ ನೋಡುತ್ತೇನೆ ಎಂದು ಹೇಳಿ ಹೊರಬಂದಳು. ತಂತಿಗೆ ಏನೂ ಆಗಿರಲಿಲ್ಲ. ಮಾಡದ ತಪ್ಪಿಗೆ ತಂತಿಯನ್ನು ದೂರಿದ ಪಾಪ ಬೇಡವೆಂದು ಆ ವಾರ ಅದನ್ನು ಬಿಚ್ಚಿ ಒರೆಸಿ ಮತ್ತೆ ಕಟ್ಟಿದಳು.

ಕ್ಯಾಂಟೀನಿನಲ್ಲಿ ಮಾತು ಬಲವಾಗತೊಡಗಿತ್ತು. ಗುಂಪಿನಲ್ಲಿ ಎಲ್ಲವನ್ನೂ ಅನುಮಾನಿಸುವ ಹಿರಿಯನೊಬ್ಬನಿದ್ದ. ಸಂಶಯಪ್ಪ ಎಂದೇ ಕರೆಯುತ್ತಿದ್ದರು, ಅವನೂ ಓಗೊಡುತ್ತಿದ್ದ. ಇದು ಹುಸಿಯಲ್ಲದಿದ್ದರೆ ಮೀಸೆ ಬೋಳಿಸುತ್ತೇನೆ ಎಂದು ಅವನು ಪಣ ತೊಟ್ಟ. ನಿನ್ನ ಮೀಸೆಯೂ ಅನುಮಾನವೇ, ಇದೆಯೋ ಇಲ್ಲವೋ ಹತ್ತಿರ ಬಂದು ನೋಡಬೇಕು ಎಂದು ಇನ್ನೊಬ್ಬಳು ಅಂದಳು. ಎಲ್ಲರೂ ನಕ್ಕರು, ಅವಳ ಗಂಡನೂ ನಕ್ಕ. ಎಲ್ಲರೂ ಅವಳನ್ನು ಬಿಟ್ಟು ಬೇರೆಲ್ಲೋ ನೋಡುತ್ತಿದ್ದರು. ತುಂಬಿದ ಮೇಜಿನ ನಡುವೆ ಕುಳಿತು ಅವಳು ಟೀ ಕುಡಿದಳು, ಯಾರೂ ಇಲ್ಲದ ಕೋಣೆಯಲ್ಲಿ ಕುಡಿದ ಹಾಗೆ.

ತಿಂಗಳು ಮುಗಿಯುತ್ತಾ ಬಂದಾಗ ಅವನ ಗುನುಗು ನಿಂತಿತು. ಎರಡು ದಿನ ಬೇಗ ಊಟ ಮುಗಿಸಿ ಕೋಣೆ ಸೇರಿದ. ಮೂರನೆಯ ಬೆಳಿಗ್ಗೆ ಅವಳು ಒಲೆಯ ಮುಂದಿದ್ದಾಗ ಬಂದು ಕುರ್ಚಿ ಎಳೆದು ಕುಳಿತು, ತಲೆಯೆತ್ತಿ ಅವಳನ್ನು ನೋಡಿದ. ನೆಟ್ಟಗೆ, ಮುಖವನ್ನೇ. ಎಷ್ಟೋ ವಾರಗಳ ನಂತರ ನೋಡಿದ್ದಕ್ಕೋ ಏನೋ, ಹೊಸಬರನ್ನು ನೋಡುವಂತೆ ತುಸು ಹೆಚ್ಚೇ ಹೊತ್ತು ನೋಡಿದ.

“ಏನ್ರೀ?”

“ಏನಿಲ್ಲ. ಕಾಲೇಜಿಗೆ ಬರ್ತೀನಿ ಅಂತ ತಿಳಿಸ್ಬಿಟ್ಟೆ.”

ಅವಳು ಒಲೆಯ ಉರಿ ತಗ್ಗಿಸಿದಳು. ಯಾಕೆ ಮನಸ್ಸು ಬದಲಾಯಿತೆಂದು ಕೇಳಬೇಕೆನಿಸಿತು. ಕೇಳುವುದೂ ಉತ್ತರವೇ. “ಒಳ್ಳೇದಾಯ್ತು,” ಎಂದು ಹಾಲಿನ ಕಡೆ ತಿರುಗಿದಳು. ಹಿಂದಿನಿಂದ ಅವನು ಸಣ್ಣಗೆ ನಕ್ಕದ್ದು ಕೇಳಿಸಿತು. ಯಾಕೆ ನಕ್ಕನೋ ಗೊತ್ತಾಗಲಿಲ್ಲ.

*

ಪೆಟ್ಟಿಗೆ ತೆಗೆಯುವ ದಿನ ಸಭಾಂಗಣದಲ್ಲಿ ಕುರ್ಚಿ ಸಾಲದೆ ಕೆಲವರು ಕಿಟಕಿಯ ಅಂಚಿಗೆ ಒರಗಿದ್ದರು. ಸಂಶಯಪ್ಪ ಮುಂದಿನ ಸಾಲಿನಲ್ಲಿ ಮೀಸೆ ತೀಡುತ್ತಾ ಕುಳಿತಿದ್ದ. ಪದ್ಧತಿಯಂತೆ ಕಂಡುಹಿಡಿದವರು ಮೊದಲು ಹೇಳಬೇಕು, ಹುಸಿಯ ಕೆಲಸದವಳು ಕೊನೆಗೆ. ಅಲ್ಲಿಯವರೆಗೆ ಅವಳಿಗೆ ಯಾವ ಚಿತ್ರವನ್ನೂ ತೋರಿಸುವಂತಿರಲಿಲ್ಲ. ತಾನೇ ಹಾಕಿದ ಅಲೆ ಆಚೆಯಿಂದ ಹೇಗೆ ಕಾಣುತ್ತದೆಂದು ಅವಳು ನೋಡಿದ್ದು ಆಗಲೇ.

ಅವಳ ಗಂಡ ಅವಸರವಿಲ್ಲದೆ ಹೇಳಿದ. ಈ ನಕ್ಷತ್ರ, ಇದು ತಿರುಗುವ ವೇಗ, ಅದರ ಮೈಯಲ್ಲಿ ಎದುರು ಓಡುವ ಅಲೆ ಇದ್ದರೆ ನಮಗೆ ಯಾವ ಕಂಪನ ಕೇಳಬೇಕು. ಕೇಳಿದೆ. ಅದು ಎಲ್ಲಿ ಕೇಳಬೇಕೆಂಬುದು ನಕ್ಷತ್ರದ ಗಡಸುತನದ ಮೇಲೆ ನಿಂತಿದೆ, ಅದು ಯಾರಿಗೂ ಗೊತ್ತಿಲ್ಲದ ಕಾರಣ ಆ ಬಗ್ಗೆ ವಾದ ಬೇಡ. ಆದರೆ ನಕ್ಷತ್ರ ನಿಧಾನವಾದಂತೆ ಆ ಕಂಪನ ಹೇಗೆ ಇಳಿಯಬೇಕು ಎಂಬುದನ್ನು ಒಂದು ಗುಣಾಂಕ ಹೇಳುತ್ತದೆ. ಅವನು ಕೊನೆಯ ಚಿತ್ರ ಹಾಕಿದ.

ಪರದೆಯ ಮೇಲೆ ಎರಡು ಗೆರೆ. ಒಂದು ತುಂಬುಗೆರೆ, ಎಲ್ಲರೂ ಒಪ್ಪಿದ ಲೆಕ್ಕ. ಅದರ ಕೆಳಗೆ ಒಂದು ತುಂಡುಗೆರೆ. ಅಳೆದ ಚುಕ್ಕೆಗಳೆಲ್ಲ ತುಂಡುಗೆರೆಯ ಮೇಲೆ ಸಾಲಾಗಿ, ಪೋಣಿಸಿದ ಹಾಗೆ ಕೂತಿದ್ದವು.

“ಆ ತುಂಡುಗೆರೆ ಯಾರದ್ದು?” ಸಂಶಯಪ್ಪ ಕೇಳಿದ.

“ನನ್ನದೇ. ಓದುತ್ತಿದ್ದಾಗಿನ ಲೆಕ್ಕ. ಮೌಖಿಕ ಪರೀಕ್ಷೆ ಮುಗಿದ ಮೇಲೆ, ಅಚ್ಚಿಗೆ ಕೊಡೋ ಮುಂಚೆ, ನಕ್ಷತ್ರದ ಅಂಚಿನ ಹತ್ರ ಸಮೀಕರಣದ ಒಂದು ಪದ ಬಿಟ್ಟುಹೋಗಿರೋದು ಕಾಣಿಸ್ತು. ತಿದ್ದಿದೆ. ಹಳೇದು ಎಲ್ಲೂ ಅಚ್ಚಾಗಿಲ್ಲ.”

“ಅಂದ್ರೆ ತಪ್ಪು ಲೆಕ್ಕ.”

“ತಪ್ಪು ಲೆಕ್ಕ.”

“ತಪ್ಪು ಲೆಕ್ಕದ ಮೇಲೆ ನಕ್ಷತ್ರ ಯಾಕೆ ಹೋಗಿ ಕೂತಿದೆ, ಸ್ವಾಮಿ?”

“ಎರಡು ಗೆರೆಯನ್ನೂ ಪ್ರಬಂಧದಲ್ಲಿ ಹಾಕಿದ್ದೀನಿ,” ಎಂದ ಅವನು. “ಯಾಕೆ ಅನ್ನೋದನ್ನ ನಾನು ಹೇಳೋ ಹಾಗಿಲ್ಲ.”

ಹಿಂದಿನ ಸಾಲಿನಲ್ಲಿ ಅವಳು ಆ ತುಂಡುಗೆರೆಯನ್ನು ನೋಡುತ್ತಿದ್ದಳು. ಒಂಟಿ ಕೋಣೆಯ ಮನೆ, ಮೇಜಿನ ಮೇಲೆ ನಡೆಯುವ ಬೆರಳು, ಅಂಚಿನ ಹತ್ತಿರ ಪ್ರತಿಸಲವೂ ಒಂದೇ ಕಡೆ ಬಿಟ್ಟುಹೋಗುತ್ತಿದ್ದ ಪದ. ಅದು ತಪ್ಪೆಂದು ಅವಳಿಗೆ ಗೊತ್ತಾದದ್ದು ಈಗ. ಅದನ್ನು ಆ ರೂಪದಲ್ಲಿ ಕೇಳಿದವರು ಪ್ರಪಂಚದಲ್ಲಿ ಎಷ್ಟು ಜನ? ಪರೀಕ್ಷಕರು ಮುದುಕರು, ಯಾವತ್ತೋ ಹೋದರು.

ಮುಖ್ಯಸ್ಥೆ ಅವಳ ಹೆಸರು ಕರೆದರು. ಕುರ್ಚಿಗಳ ನಡುವೆ ದಾರಿ ಬಿಟ್ಟರು. ಈಗ ಎಲ್ಲರೂ ಅವಳ ಮುಖವನ್ನೇ ನೋಡುತ್ತಿದ್ದರು; ಅಷ್ಟು ಕಣ್ಣು ಒಟ್ಟಿಗೆ ಬಿದ್ದು ಕೆನ್ನೆ ಬೆಚ್ಚಗಾಯಿತು. ವೇದಿಕೆಯ ಹತ್ತಿರ ಅವನು ಮೈಕನ್ನು ಅವಳ ಎತ್ತರಕ್ಕೆ ಇಳಿಸಿ, ತಿರುಪು ಬಿಗಿ ಮಾಡಿ, ಪಕ್ಕಕ್ಕೆ ಸರಿದು ನಿಂತ.

“ನನ್ನದು,” ಎಂದಳು. ದನಿ ಸರಿಯಾಗಿಯೇ ಬಂತು. “ಈ ಅಲೆ ನಾನು ಹಾಕಿದ್ದು. ಗುಣಾಂಕವನ್ನ ನೆನಪಿನಿಂದ ಬರೆದೆ. ಅದನ್ನ ತಿದ್ದಿದ್ದಾರೆ ಅಂತ ನನಗೆ ಗೊತ್ತಿರ್ಲಿಲ್ಲ.”

ಯಾರೋ ದೊಡ್ಡದಾಗಿ ಉಸಿರು ಬಿಟ್ಟರು. ಒಂದು ನಗು ಹುಟ್ಟಿ ಅಲ್ಲೇ ಅಡಗಿತು. ಹುಡುಕುವ ವಿಧಾನ ಸರಿಯಿದೆ, ಹಾಕಿದ್ದನ್ನು ಹಾಕಿದ ತಪ್ಪಿನ ಸಮೇತ ಹಿಡಿದಿದೆ, ಇದಕ್ಕಿಂತ ಒಳ್ಳೆಯ ಪರೀಕ್ಷೆ ಇರಲಾರದು ಎಂದು ಮುಖ್ಯಸ್ಥೆ ಹೇಳಿದರು. ಆಕಾಶದ ಮಟ್ಟಿಗೆ ಈ ವರ್ಷವೂ ಏನೂ ಸಿಕ್ಕಿಲ್ಲ ಎಂದು ಬರೆದುಕೊಳ್ಳಲಾಯಿತು. ಸಂಶಯಪ್ಪ ಎದ್ದುಬಂದು, ಮೀಸೆ ಉಳಿಯಿತು ಎಂದು ಖುಷಿಪಡುವ ಬದಲು, ಅವಳ ಗಂಡನ ಭುಜದ ಮೇಲೆ ಕೈಯಿಟ್ಟ.

ಮನೆಗೆ ಹೋಗುವಾಗ ಅವನೇ ಕಾರು ಓಡಿಸಿದ. ಕೊಳವೆಯ ಪಕ್ಕದ ನೇರ ರಸ್ತೆ ಮುಗಿಯಿತು.

“ತುಂಬ ಬೇಜಾರಾಯ್ತಾ?” ಅವಳು ಕೇಳಿದಳು.

“ಎರಡು ದಿನ ಆಯ್ತು.” ಅವನು ಕನ್ನಡಿಯಲ್ಲಿ ಹಿಂದಿನ ಗಾಡಿ ನೋಡಿ ಪಕ್ಕಕ್ಕೆ ತೆಗೆದುಕೊಂಡ. “ಅದಕ್ಕಿಂತ ಮುಂಚೆ ಒಂದು ರಾತ್ರಿ ಇತ್ತು ನೋಡು. ಹಳೇ ಲೆಕ್ಕವೇ ಸರಿ, ತಿದ್ದಿದ್ದೇ ತಪ್ಪು ಅಂದ್ಕೊಂಡೆ. ಅಷ್ಟು ಸಂತೋಷ ಯಾವತ್ತೂ ಆಗಿರ್ಲಿಲ್ಲ. ಬೆಳಿಗ್ಗೆ ಯೋಚನೆ ಬಂತು, ನಕ್ಷತ್ರಕ್ಕೆ ಇದನ್ನ ಬಾಯಿಪಾಠ ಮಾಡಿಸಿದವರು ಯಾರು ಅಂತ.”

ಅವಳು ಕಿಟಕಿಯಾಚೆ ನೋಡಿದಳು. “ತಿದ್ದಿದ್ದನ್ನ ನಂಗೆ ಹೇಳ್ಲೇ ಇಲ್ವಲ್ಲ ನೀವು,” ಎಂದಳು.

“ಆಗ ಮಗಳು ಹುಟ್ಟಿದ್ಲು. ಒಂದೇ ಸಮ ಅಳೋಳು. ಗುಣಾಂಕ ಯಾರಿಗೆ ಬೇಕಿತ್ತು?”

*

ಅವನು ಕಾಲೇಜಿನ ಊರಿಗೆ ಹೊರಡುವ ಹಿಂದಿನ ದಿನ ರಿಪೇರಿಯವನು ಕೊನೆಗೂ ಬಂದು ಯಂತ್ರಕ್ಕೆ ಹೊಸ ಕಾಲು ಹಾಕಿದ. ಮಟ್ಟ ನೋಡಿ, ಮೇಲೆ ನೀರು ತುಂಬಿದ ಲೋಟ ಇಟ್ಟು ತೋರಿಸಿ ಹೋದ. ಇನ್ನು ಅಮ್ಮ ಒಬ್ಬಳೇ ತಬ್ಬಿಕೊಂಡು ನಿಲ್ಲೋದು ತಪ್ಪಿತು ಎಂದಳು ಮಗಳು.

ಸಂಜೆ ಅವನ ಅಂಗಿಗಳನ್ನೆಲ್ಲ ಹಾಕಿ ಯಂತ್ರ ತಿರುಗಿಸಿದರು. ಅವಳು ಒಳಕೋಣೆಯಲ್ಲಿ ಪೆಟ್ಟಿಗೆ ಜೋಡಿಸುತ್ತಿದ್ದಳು. ಅವನು ಪಡಸಾಲೆಯಲ್ಲಿ ಪುಸ್ತಕಗಳಿಗೆ ಹಗ್ಗ ಬಿಗಿಯುತ್ತಿದ್ದ. ನೀರು ಇಳಿದು ಯಂತ್ರ ಹಿಂಡತೊಡಗಿದ ಸದ್ದು ಕೇಳಿದ್ದೇ ಇಬ್ಬರೂ ಕೈಯಲ್ಲಿದ್ದದ್ದನ್ನು ಬಿಟ್ಟು ಓಡಿಬಂದರು. ಬಂದು, ಒಬ್ಬರು ಈಚೆ ಒಬ್ಬರು ಆಚೆ, ಕೈಯಿಟ್ಟ ಮೇಲೆ ನೆನಪಾಯಿತು.

ಯಂತ್ರ ಗೋಡೆ ಬಿಟ್ಟು ಕದಲಲಿಲ್ಲ. ವೇಗ ಏರುತ್ತಾ ಹೋಯಿತು. ಆ ಹಳೆಯ ಜಾಗ ಬಂದಾಗ ಅಂಗೈಯ ಕೆಳಗೆ ಒಂದು ತೆಳುವಾದ ನಡುಕ ಹುಟ್ಟಿ, ಈ ಬದಿಯಿಂದ ಆ ಬದಿಗೆ ಹಾದು, ಅಡಗಿತು. ಅಂಗಿಗಳು ಹಿಂಡಿ ಮುಗಿದು ಒಳಗಿನ ಡ್ರಮ್ಮು ನಿಲ್ಲುವವರೆಗೂ ಇಬ್ಬರೂ ಕೈ ತೆಗೆಯಲಿಲ್ಲ.